ರೊನಾಲ್ಡ್ ರಾಸ್

ಸರ್ ರೊನಾಲ್ಡ್ ರಾಸ್ (13 ಮೇ 1857 – 16 ಸೆಪ್ಟೆಂಬರ್ 1932) ಭಾರತದಲ್ಲಿ ಜನಿಸಿದ ಬ್ರಿಟಿಷ್ ವೈದ್ಯ ಹಾಗೂ ಸಂಶೋಧಕ. ಮಲೇರಿಯಾ ರೋಗಕ್ಕೆ ಕಾರಣವಾದ ಪರಾವಲಂಬಿ ಜೀವಿಯು ಸೊಳ್ಳೆಯ ದೇಹದಲ್ಲಿ ಬೆಳೆಯುತ್ತದೆ ಮತ್ತು ಸೊಳ್ಳೆಯ ಕಡಿತದಿಂದಲೇ ಆರೋಗ್ಯವಂತ ಪ್ರಾಣಿಯ ರಕ್ತವನ್ನು ಸೇರುತ್ತದೆ ಎಂಬುದನ್ನು ಇವರು ಪ್ರಯೋಗಗಳ ಮೂಲಕ ತೋರಿಸಿಕೊಟ್ಟರು. ಈ ಸಾಧನೆಗಾಗಿ 1902ರಲ್ಲಿ ವೈದ್ಯಶಾಸ್ತ್ರದ ನೊಬೆಲ್ ಪ್ರಶಸ್ತಿ ಪಡೆದರು. ನೊಬೆಲ್ ಪ್ರಶಸ್ತಿ ಪಡೆದ ಮೊದಲ ಬ್ರಿಟಿಷ್ ಪ್ರಜೆ ಇವರು. ಇವರ ಸಂಶೋಧನೆಯ ನಿರ್ಣಾಯಕ ಘಟ್ಟಗಳು ಸಿಕಂದರಾಬಾದ್ ಮತ್ತು ಕೊಲ್ಕತ್ತಾ ನಗರಗಳಲ್ಲಿ ನಡೆದವು. ಆದರೆ ಸೊಳ್ಳೆಗಳನ್ನು ಕುರಿತ ಇವರ ಮೊದಲ ಅವಲೋಕನ ಮತ್ತು ಸಾರ್ವಜನಿಕ ನೈರ್ಮಲ್ಯದ ಅನುಭವ ದೊರೆತದ್ದು ಬೆಂಗಳೂರಿನಲ್ಲಿ.

ಬಾಲ್ಯ ಮತ್ತು ಶಿಕ್ಷಣ

ರಾಸ್ ಅವರು ಹಿಮಾಲಯದ ತಪ್ಪಲಿನ ಅಲ್ಮೋರಾ ಪಟ್ಟಣದಲ್ಲಿ ಜನಿಸಿದರು. ತಂದೆ ಸರ್ ಕ್ಯಾಂಪ್‌ಬೆಲ್ ರಾಸ್ ಬ್ರಿಟಿಷ್ ಭಾರತೀಯ ಸೇನೆಯಲ್ಲಿ ಜನರಲ್ ಆಗಿದ್ದರು. ತಾಯಿ ಮಟಿಲ್ಡಾ ಎಲ್ಡರ್ಟನ್. ಹತ್ತು ಮಕ್ಕಳಲ್ಲಿ ರೊನಾಲ್ಡ್ ಹಿರಿಯರು. ಎಂಟನೆಯ ವಯಸ್ಸಿನಲ್ಲಿ ಇವರನ್ನು ವಿದ್ಯಾಭ್ಯಾಸಕ್ಕಾಗಿ ಇಂಗ್ಲೆಂಡಿಗೆ ಕಳುಹಿಸಲಾಯಿತು. ಅಲ್ಲಿ ವೈಟ್ ದ್ವೀಪದಲ್ಲಿದ್ದ ಬಂಧುಗಳ ಮನೆಯಲ್ಲಿ ಬೆಳೆದರು.

ಕಾವ್ಯ, ಸಂಗೀತ, ಚಿತ್ರಕಲೆ ಮತ್ತು ಗಣಿತದಲ್ಲಿ ಇವರಿಗೆ ಬಾಲ್ಯದಿಂದಲೂ ಒಲವಿತ್ತು. ವೈದ್ಯವೃತ್ತಿಯಲ್ಲಿ ಆಸಕ್ತಿ ಇರಲಿಲ್ಲ. ತಂದೆಯ ಇಚ್ಛೆಗೆ ಮಣಿದು 1874ರಲ್ಲಿ ಲಂಡನ್ನಿನ ಸೇಂಟ್ ಬಾರ್ತೊಲೊಮ್ಯೂ ಆಸ್ಪತ್ರೆಯ ವೈದ್ಯಕೀಯ ಶಾಲೆಯನ್ನು ಸೇರಿದರು. ಕೆಲಕಾಲ ಹಡಗಿನ ವೈದ್ಯರಾಗಿ ದುಡಿದು, 1881ರಲ್ಲಿ ಇಂಡಿಯನ್ ಮೆಡಿಕಲ್ ಸರ್ವಿಸ್‌ಗೆ ಆಯ್ಕೆಯಾಗಿ ಭಾರತಕ್ಕೆ ಮರಳಿದರು. ಮದರಾಸು, ಬರ್ಮಾ ಮತ್ತು ಅಂಡಮಾನ್ ದ್ವೀಪಗಳಲ್ಲಿಯೂ ಇವರು ಸೇವೆ ಸಲ್ಲಿಸಿದರು.

ಬೆಂಗಳೂರಿನಲ್ಲಿ ಮೊದಲ ಅವಧಿ

1883ರಲ್ಲಿ ರಾಸ್ ಅವರು ಬೆಂಗಳೂರು ದಂಡುಪ್ರದೇಶದ ಹಂಗಾಮಿ ಗ್ಯಾರಿಸನ್ ಸರ್ಜನ್ ಆಗಿ ನೇಮಕಗೊಂಡರು. ಆಗ ಬೆಂಗಳೂರು ಎರಡು ಆಡಳಿತಗಳ ನಗರವಾಗಿತ್ತು. ಪೇಟೆಯು ಮೈಸೂರು ಸಂಸ್ಥಾನಕ್ಕೆ ಸೇರಿದ್ದರೆ, ದಂಡುಪ್ರದೇಶವು ಬ್ರಿಟಿಷ್ ರೆಸಿಡೆಂಟರ ಆಡಳಿತದಲ್ಲಿತ್ತು. ಇಂದು ಮಾಹಿತಿ ತಂತ್ರಜ್ಞಾನ ಸಂಸ್ಥೆಗಳ ನೆಲೆಯಾಗಿರುವ ವೈಟ್‌ಫೀಲ್ಡ್ ಆಗಷ್ಟೇ ಆಂಗ್ಲೋ-ಇಂಡಿಯನ್ ಕುಟುಂಬಗಳ ಹಳ್ಳಿಯಾಗಿ ರೂಪುಗೊಳ್ಳುತ್ತಿತ್ತು.

ರಾಸ್ ಅವರು ವಾಸವಾಗಿದ್ದ ಬಂಗಲೆಯಲ್ಲಿ ಸೊಳ್ಳೆಗಳ ಕಾಟ ವಿಪರೀತವಾಗಿತ್ತು. ಇತರ ಕೋಣೆಗಳಿಗಿಂತ ತಮ್ಮ ಕೋಣೆಯಲ್ಲಿಯೇ ಸೊಳ್ಳೆಗಳು ಹೆಚ್ಚಾಗಿರುವುದನ್ನು ಗಮನಿಸಿ ಕಾರಣ ಹುಡುಕಿದಾಗ, ಕಿಟಕಿಯ ಹೊರಗೆ ಇಟ್ಟಿದ್ದ ನೀರಿನ ತೊಟ್ಟಿಯೊಂದರಲ್ಲಿ ಮರಿಹುಳುಗಳು ಓಡಾಡುತ್ತಿರುವುದು ಕಂಡಿತು. ತೊಟ್ಟಿಯ ನೀರನ್ನು ಚೆಲ್ಲಿಸಿದ ಬಳಿಕ ಸೊಳ್ಳೆಗಳು ಬಹುಮಟ್ಟಿಗೆ ಇಲ್ಲವಾದವು. ಅಧಿಕಾರಿಗಳ ಭೋಜನಗೃಹದ ಸುತ್ತಲೂ ಇದೇ ಕ್ರಮ ಕೈಗೊಳ್ಳಬಹುದೆಂದು ಇವರು ಸೂಚಿಸಿದಾಗ, ಸಂಬಂಧಪಟ್ಟ ಸೇನಾಧಿಕಾರಿಯು ಅದು ಸೃಷ್ಟಿಯ ನಿಯಮಕ್ಕೆ ವಿರುದ್ಧವೆಂದು ಹೇಳಿ ನಿರಾಕರಿಸಿದನು. ಸೊಳ್ಳೆಗೂ ಮಲೇರಿಯಾಕ್ಕೂ ಇರುವ ಸಂಬಂಧ ಆಗ ಯಾರಿಗೂ ತಿಳಿದಿರಲಿಲ್ಲ. ಆದರೂ ನಿಂತ ನೀರನ್ನು ತೆಗೆದರೆ ಸೊಳ್ಳೆಗಳು ಕಡಿಮೆಯಾಗುತ್ತವೆ ಎಂಬ ಈ ಸರಳ ಅನುಭವವು ಮುಂದೆ ಇವರು ಪ್ರತಿಪಾದಿಸಿದ ರೋಗನಿಯಂತ್ರಣ ಕ್ರಮದ ತಳಹದಿಯಾಯಿತು.

1888ರಲ್ಲಿ ರಜೆಯ ಮೇಲೆ ಇಂಗ್ಲೆಂಡಿಗೆ ತೆರಳಿದ ರಾಸ್ ಅವರು ಸಾರ್ವಜನಿಕ ಆರೋಗ್ಯದ ಡಿಪ್ಲೊಮಾ ಪಡೆದು, ಸೂಕ್ಷ್ಮಾಣುಶಾಸ್ತ್ರವನ್ನೂ ಅಭ್ಯಾಸ ಮಾಡಿದರು. 1889ರ ಏಪ್ರಿಲ್‌ನಲ್ಲಿ ರೋಸಾ ಬ್ಲಾಕ್ಸಮ್ ಅವರನ್ನು ವಿವಾಹವಾದರು. ಭಾರತಕ್ಕೆ ಮರಳಿದ ಮೇಲೆ ಮತ್ತೆ ಬೆಂಗಳೂರಿನಲ್ಲಿ ಸೇನಾ ವೈದ್ಯರಾಗಿ ಕೆಲಸ ಮಾಡಿದರು.

ಮಲೇರಿಯಾ ಸಂಶೋಧನೆಯ ಹಿನ್ನೆಲೆ

ಕೆಟ್ಟ ಗಾಳಿ ಎಂಬ ಅರ್ಥದ ಇಟಾಲಿಯನ್ ಪದಗಳಿಂದ ಮಲೇರಿಯಾ ಎಂಬ ಹೆಸರು ಬಂದಿದೆ. ಜೌಗು ನೆಲದಿಂದ ಏಳುವ ದೂಷಿತ ಗಾಳಿಯೇ ಚಳಿಜ್ವರಕ್ಕೆ ಕಾರಣವೆಂದು ಶತಮಾನಗಳ ಕಾಲ ನಂಬಲಾಗಿತ್ತು. 1880ರಲ್ಲಿ ಫ್ರೆಂಚ್ ಸೇನಾ ವೈದ್ಯ ಅಲ್ಫೋನ್ಸ್ ಲಾವೆರಾನ್ ಅಲ್ಜೀರಿಯಾದಲ್ಲಿ ರೋಗಿಯ ರಕ್ತದೊಳಗೆ ಏಕಕೋಶದ ಪರಾವಲಂಬಿಯನ್ನು ಕಂಡರು. ಆದರೆ ಅದು ಒಬ್ಬರಿಂದ ಇನ್ನೊಬ್ಬರಿಗೆ ಹೇಗೆ ದಾಟುತ್ತದೆ ಎಂಬುದು ತಿಳಿಯಲಿಲ್ಲ. ರಾಸ್ ಅವರು ಆರಂಭದಲ್ಲಿ ಲಾವೆರಾನರ ಶೋಧವನ್ನೇ ಒಪ್ಪಿರಲಿಲ್ಲ. ಜ್ವರದ ಮೂಲ ಕರುಳಿನಲ್ಲಿದೆ ಎಂದು ವಾದಿಸಿ ಲೇಖನಗಳನ್ನು ಬರೆದಿದ್ದರು.

1894ರಲ್ಲಿ ಲಂಡನ್ನಿನಲ್ಲಿ ಪ್ಯಾಟ್ರಿಕ್ ಮ್ಯಾನ್ಸನ್ ಅವರ ಭೇಟಿಯಿಂದ ಈ ನಿಲುವು ಬದಲಾಯಿತು. ಆನೆಕಾಲು ರೋಗಕ್ಕೆ ಕಾರಣವಾದ ಫೈಲೇರಿಯಾ ಹುಳುವು ಸೊಳ್ಳೆಯ ದೇಹದಲ್ಲಿ ಬೆಳೆಯುವುದನ್ನು ಮ್ಯಾನ್ಸನ್ 1877ರಲ್ಲಿ ಚೀನಾದಲ್ಲಿ ಕಂಡಿದ್ದರು. ಅವರು ರಾಸ್ ಅವರಿಗೆ ಲಾವೆರಾನರ ಪರಾವಲಂಬಿಯನ್ನು ಸೂಕ್ಷ್ಮದರ್ಶಕದಲ್ಲಿ ತೋರಿಸಿ, ಮಲೇರಿಯಾದಲ್ಲಿಯೂ ಸೊಳ್ಳೆಯ ಪಾತ್ರ ಇರಬಹುದೆಂಬ ತಮ್ಮ ಊಹೆಯನ್ನು ವಿವರಿಸಿದರು. ಆದರೆ ಆ ಊಹೆಯಲ್ಲಿ ಒಂದು ದೋಷವಿತ್ತು. ಸೊಳ್ಳೆಯು ನೀರಿನಲ್ಲಿ ಸತ್ತ ಬಳಿಕ ಆ ನೀರನ್ನು ಕುಡಿದವರಿಗೆ ರೋಗ ತಗಲುತ್ತದೆ ಎಂದು ಮ್ಯಾನ್ಸನ್ ಭಾವಿಸಿದ್ದರು.

1895ರ ಏಪ್ರಿಲ್‌ನಲ್ಲಿ ಭಾರತಕ್ಕೆ ಮರಳಿದ ರಾಸ್ ಅವರು ಸಿಕಂದರಾಬಾದಿನಲ್ಲಿ ಸಂಶೋಧನೆ ಆರಂಭಿಸಿದರು. ಸೋಂಕುಳ್ಳ ಸೊಳ್ಳೆಗಳು ಸತ್ತಿದ್ದ ನೀರನ್ನು ಕೆಲವರಿಗೆ ಹಣ ಕೊಟ್ಟು ಕುಡಿಸಿದರು. ಅವರಲ್ಲಿ ಒಬ್ಬನಿಗೆ ಅಲ್ಪಕಾಲದ ಜ್ವರ ಬಂದದ್ದರಿಂದ ತಪ್ಪು ಊಹೆಗೆ ಪುಷ್ಟಿ ದೊರೆತಂತಾಯಿತು. ಇತರರಲ್ಲಿ ರೋಗ ಕಾಣಿಸಿಕೊಳ್ಳದಿದ್ದಾಗ ಆ ದಾರಿ ಸರಿಯಲ್ಲವೆಂದು ಇವರಿಗೆ ಕ್ರಮೇಣ ಮನವರಿಕೆಯಾಯಿತು. ಬಡವರನ್ನು ಹಣದ ಆಸೆ ತೋರಿಸಿ ಇಂತಹ ಅಪಾಯಕ್ಕೆ ಒಡ್ಡುವುದು ಇಂದಿನ ವೈದ್ಯಕೀಯ ನೀತಿಸಂಹಿತೆಯ ಪ್ರಕಾರ ನಿಷಿದ್ಧ. ಅಂದಿನ ವಸಾಹತು ಆಡಳಿತದಲ್ಲಿ ಅದನ್ನು ಪ್ರಶ್ನಿಸುವ ಯಾವ ವ್ಯವಸ್ಥೆಯೂ ಇರಲಿಲ್ಲ.

ಬೆಂಗಳೂರಿನಲ್ಲಿ ಕಾಲರಾ ನಿಯಂತ್ರಣ

1895ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರಿನ ಸಿವಿಲ್ ಅಂಡ್ ಮಿಲಿಟರಿ ಸ್ಟೇಷನ್ನಿನಲ್ಲಿ ಕಾಲರಾ ಹರಡಿದ್ದರಿಂದ, ಅಲ್ಲಿನ ನೈರ್ಮಲ್ಯದ ಹೊಣೆ ಹೊರಲು ರಾಸ್ ಅವರನ್ನು ಕರೆಸಿಕೊಳ್ಳಲಾಯಿತು. ಮಲೇರಿಯಾ ಸಂಶೋಧನೆ ಅರ್ಧಕ್ಕೆ ನಿಂತದ್ದರಿಂದ ಇವರಿಗೆ ಬೇಸರವಾಯಿತು. ಬೆಂಗಳೂರಿನಲ್ಲಿ ಮಲೇರಿಯಾ ರೋಗಿಗಳು ಸಿಗುವುದೂ ವಿರಳವಾಗಿತ್ತು.

ಕಾಲರಾ ರೋಗವು ಮಲಿನಗೊಂಡ ನೀರು ಮತ್ತು ಆಹಾರದ ಮೂಲಕ ಹರಡುತ್ತದೆ. ಆ ಕಾಲದ ಬೆಂಗಳೂರಿನ ಜನರು ಬಾವಿ ಮತ್ತು ಕೆರೆಗಳ ನೀರನ್ನೇ ಅವಲಂಬಿಸಿದ್ದರು. ತೆರೆದ ಚರಂಡಿಗಳಿಂದಲೂ ಕಕ್ಕಸುಗಳಿಂದಲೂ ಕೊಳಕು ನೀರು ಬಾವಿಗಳಿಗೆ ಇಳಿಯುವುದು ಸಾಮಾನ್ಯವಾಗಿತ್ತು. ನಗರದ ಕಾಲರಾ ಸ್ಥಿತಿ, ಸಾಮಾನ್ಯ ನೈರ್ಮಲ್ಯ, ನೈರ್ಮಲ್ಯ ಇಲಾಖೆಯ ರಚನೆ ಹಾಗೂ ನಿಯಮಾವಳಿಗಳನ್ನು ಕುರಿತು ರಾಸ್ ಅವರು ಸಿದ್ಧಪಡಿಸಿದ ವಿಸ್ತಾರವಾದ ವರದಿಯು 1896ರಲ್ಲಿ ಪ್ರಕಟವಾಯಿತು. ಇದೇ ಅವಧಿಯಲ್ಲಿ ಮೈಸೂರು ಸರ್ಕಾರವು, ಇಂದಿನ ಪೀಣ್ಯ ಕೈಗಾರಿಕಾ ಪ್ರದೇಶದಿಂದಲೂ ಆಚೆ ವಾಯವ್ಯಕ್ಕಿರುವ ಹೆಸರಘಟ್ಟದ ಕೆರೆಯಿಂದ ನಗರಕ್ಕೆ ಕೊಳವೆ ನೀರು ತರುವ ಚಾಮರಾಜೇಂದ್ರ ಜಲಪೂರೈಕೆ ಯೋಜನೆಯನ್ನು ಕಾರ್ಯಗತಗೊಳಿಸಿತು. ರಾಸ್ ಅವರು ತೆರಳಿದ ಮರುವರ್ಷ, 1898ರಲ್ಲಿ, ಬೆಂಗಳೂರಿಗೆ ಪ್ಲೇಗು ಬಂದಾಗ ನೈರ್ಮಲ್ಯದ ಪ್ರಶ್ನೆ ಮತ್ತಷ್ಟು ತೀವ್ರವಾಯಿತು.

ಬಿಡುವಿನ ವೇಳೆಯಲ್ಲಿ ರಾಸ್ ಅವರು ಸೊಳ್ಳೆಗಳ ಅಧ್ಯಯನವನ್ನು ಮುಂದುವರಿಸಿದರು. ರೋಗಿಗಳನ್ನು ಕಚ್ಚಿದ್ದ ಸೊಳ್ಳೆಗಳಿಂದ ಕಚ್ಚಿಸಿಕೊಳ್ಳಲು ಸ್ಥಳೀಯ ಸಹಾಯಕ ವೈದ್ಯರೊಬ್ಬರು ಸ್ವಇಚ್ಛೆಯಿಂದ ಮುಂದೆ ಬಂದರು. ಅವರಿಗೆ ರೋಗ ತಗಲಲಿಲ್ಲ. ಕಡಿತದಿಂದ ರೋಗ ಹರಡುವುದೆಂಬ ಊಹೆ ಸರಿಯಾಗಿತ್ತಾದರೂ ಬಳಸಿದ ಸೊಳ್ಳೆಯ ಜಾತಿ ತಪ್ಪಾಗಿತ್ತು. ಎಲ್ಲ ಸೊಳ್ಳೆಗಳೂ ಮಾನವ ಮಲೇರಿಯಾವನ್ನು ಹರಡುವುದಿಲ್ಲ. ಅನಾಫಿಲಿಸ್ ಕುಲದ ಕೆಲವು ಜಾತಿಗಳ ಹೆಣ್ಣು ಸೊಳ್ಳೆಗಳು ಮಾತ್ರ ಹರಡುತ್ತವೆ. ರಾಸ್ ಅವರು ಅದುವರೆಗೆ ಪರೀಕ್ಷಿಸಿದ್ದವು ಹೆಚ್ಚಾಗಿ ಮನೆಗಳ ಸುತ್ತ ಸುಲಭವಾಗಿ ಸಿಗುವ ಕ್ಯೂಲೆಕ್ಸ್ ಮತ್ತು ಈಡಿಸ್ ಕುಲದ ಸೊಳ್ಳೆಗಳು.

1897ರಲ್ಲಿ ಬೆಂಗಳೂರಿನ ಕರ್ತವ್ಯ ಮುಗಿದ ಬಳಿಕ ಇವರು ಊಟಿಗೆ ಹೋಗಿ, ಮೈಸೂರಿನ ಕಡೆಗೆ ಇಳಿಯುವ ಸಿಗೂರು ಘಟ್ಟದಲ್ಲಿ ಅಧ್ಯಯನ ನಡೆಸಿದರು. ಅಲ್ಲಿ ಇವರಿಗೇ ಮಲೇರಿಯಾ ತಗಲಿತು. ರೆಕ್ಕೆಗಳ ಮೇಲೆ ಚುಕ್ಕೆಗಳಿದ್ದ, ಗೋಡೆಯ ಮೇಲೆ ವಿಶಿಷ್ಟ ಭಂಗಿಯಲ್ಲಿ ಕೂರುತ್ತಿದ್ದ ಸೊಳ್ಳೆಯನ್ನು ಇವರು ಗುರುತಿಸಿದ್ದೂ ಅಲ್ಲಿಯೇ. ಅದು ಅನಾಫಿಲಿಸ್ ಕುಲದ್ದು. ಅನಾಫಿಲಿಸ್ ಸೊಳ್ಳೆಯು ಕೂತಾಗ ಅದರ ದೇಹದ ಹಿಂಭಾಗ ಮೇಲಕ್ಕೆತ್ತಿದಂತೆ ಓರೆಯಾಗಿ ನಿಲ್ಲುತ್ತದೆ.

ಸಿಕಂದರಾಬಾದಿನ ಶೋಧ

ಸಿಕಂದರಾಬಾದಿಗೆ ಮರಳಿದ ರಾಸ್ ಅವರು ಮರಿಹುಳುಗಳಿಂದ ಸಾಕಿ ಬೆಳೆಸಿದ ಅನಾಫಿಲಿಸ್ ಸೊಳ್ಳೆಗಳನ್ನು ಹುಸೇನ್ ಖಾನ್ ಎಂಬ ಮಲೇರಿಯಾ ರೋಗಿಯ ಮೇಲೆ ಬಿಟ್ಟರು. ಕಚ್ಚಿದ ಪ್ರತಿಯೊಂದು ಸೊಳ್ಳೆಗೆ ಒಂದು ಆಣೆಯಂತೆ ಆತನಿಗೆ ಹಣ ಕೊಡಲಾಯಿತು. ಬಳಿಕ ಸೊಳ್ಳೆಗಳನ್ನು ಒಂದೊಂದಾಗಿ ಸೀಳಿ ಪರೀಕ್ಷಿಸಲಾಯಿತು. 1897ರ ಆಗಸ್ಟ್ 20ರಂದು ಸೊಳ್ಳೆಯೊಂದರ ಜಠರದ ಗೋಡೆಯಲ್ಲಿ ಕಪ್ಪು ವರ್ಣಕಣಗಳಿದ್ದ ದುಂಡಗಿನ ಕೋಶಗಳು ಕಂಡವು. ಆ ಕಣಗಳು ಮಲೇರಿಯಾ ಪರಾವಲಂಬಿಯಲ್ಲಿ ಕಾಣುವಂಥವೇ ಆಗಿದ್ದವು. ಮರುದಿನ ಇನ್ನೊಂದು ಸೊಳ್ಳೆಯಲ್ಲಿ ಅದೇ ಕೋಶಗಳು ಮತ್ತಷ್ಟು ದೊಡ್ಡದಾಗಿದ್ದವು. ಪರಾವಲಂಬಿಯು ಸೊಳ್ಳೆಯೊಳಗೆ ಜೀರ್ಣವಾಗದೆ ಬೆಳೆಯುತ್ತದೆ ಎಂಬುದಕ್ಕೆ ಇದು ಮೊದಲ ಸಾಕ್ಷಿಯಾಯಿತು. ಈ ನೆನಪಿಗಾಗಿ ಆಗಸ್ಟ್ 20ನ್ನು ವಿಶ್ವ ಸೊಳ್ಳೆ ದಿನವೆಂದು ಆಚರಿಸಲಾಗುತ್ತದೆ.

ಹಕ್ಕಿಗಳ ಮಲೇರಿಯಾ ಮತ್ತು ಕೊಲ್ಕತ್ತಾದ ಪ್ರಯೋಗಗಳು

ಶೋಧದ ಬೆನ್ನಲ್ಲೇ ರಾಸ್ ಅವರಿಗೆ ರಾಜಪುತಾನದ ಖೇರ್‌ವಾಡಾಕ್ಕೆ ವರ್ಗಾವಣೆಯಾಯಿತು. ಅಲ್ಲಿ ಮಲೇರಿಯಾ ರೋಗಿಗಳು ದೊರೆಯದೆ ಕೆಲಸ ಮತ್ತೆ ನಿಂತಿತು. ಮ್ಯಾನ್ಸನ್ ಅವರ ಪ್ರಯತ್ನದಿಂದ 1898ರ ಆರಂಭದಲ್ಲಿ ಇವರನ್ನು ವಿಶೇಷ ಕರ್ತವ್ಯದ ಮೇಲೆ ಕೊಲ್ಕತ್ತಾಕ್ಕೆ ನಿಯೋಜಿಸಲಾಯಿತು. ಆಗ ದೇಶದಲ್ಲಿ ಪ್ಲೇಗಿನ ಭೀತಿ ಹರಡಿತ್ತು. ಬೆರಳು ಚುಚ್ಚಿ ರಕ್ತ ತೆಗೆಯುವುದನ್ನು ಜನರು ಪ್ಲೇಗಿನ ಚುಚ್ಚುಮದ್ದೆಂದು ಶಂಕಿಸಿ ಹತ್ತಿರ ಬರಲು ಹೆದರುತ್ತಿದ್ದರು. ಹೀಗಾಗಿ ಇವರು ಹಕ್ಕಿಗಳ ಮಲೇರಿಯಾವನ್ನು ಅಧ್ಯಯನಕ್ಕೆ ಆರಿಸಿಕೊಂಡರು.

ಹಕ್ಕಿಗಳಿಗೂ ಮಾನವರಿಗೂ ಬರುವ ಮಲೇರಿಯಾ ಪರಾವಲಂಬಿಗಳು ಒಂದೇ ಕುಲಕ್ಕೆ ಸೇರಿದ ಬೇರೆ ಬೇರೆ ಜಾತಿಗಳು. ಹಕ್ಕಿಗಳ ಮಲೇರಿಯಾವನ್ನು ಕ್ಯೂಲೆಕ್ಸ್ ಸೊಳ್ಳೆ ಹರಡುತ್ತದೆ. ಸೋಂಕುಳ್ಳ ಹಕ್ಕಿಗಳ ರಕ್ತ ಹೀರಿದ ಸೊಳ್ಳೆಗಳನ್ನು ದಿನದಿನವೂ ಪರೀಕ್ಷಿಸಿದ ರಾಸ್ ಅವರು ಪರಾವಲಂಬಿಯ ಬೆಳವಣಿಗೆಯ ಹಂತಗಳನ್ನು ಕ್ರಮವಾಗಿ ಗುರುತಿಸಿದರು. ಜಠರದ ಗೋಡೆಯಲ್ಲಿ ಬೆಳೆದ ಕೋಶವು ಒಡೆದು, ಅದರಿಂದ ಹೊರಬಂದ ಎಳೆಯಾಕಾರದ ಸೂಕ್ಷ್ಮ ರೂಪಗಳು ಸೊಳ್ಳೆಯ ಜೊಲ್ಲುಗ್ರಂಥಿಯನ್ನು ಸೇರುವುದು 1898ರ ಜುಲೈನಲ್ಲಿ ಕಂಡುಬಂತು. ಅಂತಹ ಸೊಳ್ಳೆಗಳಿಂದ ಆರೋಗ್ಯವಂತ ಗುಬ್ಬಚ್ಚಿಗಳನ್ನು ಕಚ್ಚಿಸಿದಾಗ ಅವುಗಳಿಗೆ ಮಲೇರಿಯಾ ತಗಲಿತು. ರೋಗ ಹರಡುವುದು ನೀರಿನಿಂದಲೂ ಅಲ್ಲ, ಗಾಳಿಯಿಂದಲೂ ಅಲ್ಲ, ಕಚ್ಚುವಾಗ ಸೊಳ್ಳೆಯು ಬಿಡುವ ಜೊಲ್ಲಿನಿಂದ ಎಂಬುದು ಹೀಗೆ ಸ್ಥಾಪಿತವಾಯಿತು. ಅದೇ ತಿಂಗಳು ಎಡಿನ್‌ಬರೋದಲ್ಲಿ ನಡೆದ ಬ್ರಿಟಿಷ್ ವೈದ್ಯಕೀಯ ಸಂಘದ ಸಭೆಯಲ್ಲಿ ಮ್ಯಾನ್ಸನ್ ಈ ಫಲಿತಾಂಶವನ್ನು ಪ್ರಕಟಿಸಿದರು. ಕೊಲ್ಕತ್ತಾದ ಪ್ರಯೋಗಗಳಲ್ಲಿ ಮಹಮ್ಮದ್ ಬಕ್ಷ್ ಮತ್ತು ಕಿಶೋರಿ ಮೋಹನ್ ಬಂದ್ಯೋಪಾಧ್ಯಾಯ ರಾಸ್ ಅವರಿಗೆ ನೆರವಾದರು.

ರೋಗಚಕ್ರದ ಸ್ವರೂಪ

ಸೋಂಕುಳ್ಳ ಸೊಳ್ಳೆ ಮನುಷ್ಯನನ್ನು ಕಚ್ಚಿದಾಗ ಪರಾವಲಂಬಿಯ ಬೀಜಕಗಳು ರಕ್ತದ ಮೂಲಕ ಯಕೃತ್ತನ್ನು ತಲುಪಿ ಅಲ್ಲಿ ವೃದ್ಧಿಯಾಗುತ್ತವೆ. ಮಾನವ ಮಲೇರಿಯಾದ ಈ ಯಕೃತ್ತಿನ ಹಂತವು ರಾಸ್ ಅವರ ಕಾಲದಲ್ಲಿ ತಿಳಿದಿರಲಿಲ್ಲ. ಅದನ್ನು 1948ರಲ್ಲಿ ಶಾರ್ಟ್ ಮತ್ತು ಗಾರ್ನಮ್ ಕಂಡುಹಿಡಿದರು. ಯಕೃತ್ತಿನಿಂದ ಹೊರಬಂದ ಪರಾವಲಂಬಿಗಳು ಕೆಂಪು ರಕ್ತಕಣಗಳನ್ನು ಹೊಕ್ಕು, ಅವುಗಳನ್ನು ಒಡೆಯುತ್ತ ಹೆಚ್ಚುತ್ತವೆ. ರಕ್ತಕಣಗಳು ಒಟ್ಟಿಗೆ ಒಡೆಯುವ ವೇಳೆಗೆ ರೋಗಿಗೆ ಚಳಿ, ನಡುಕ ಮತ್ತು ಜ್ವರ ಬರುತ್ತವೆ. ಕೆಲವು ಪರಾವಲಂಬಿಗಳು ಗಂಡು ಮತ್ತು ಹೆಣ್ಣು ರೂಪಗಳಾಗಿ ಮಾರ್ಪಡುತ್ತವೆ. ಇನ್ನೊಂದು ಸೊಳ್ಳೆ ಆ ರಕ್ತವನ್ನು ಹೀರಿದಾಗ ಅವು ಸೊಳ್ಳೆಯ ಜಠರದಲ್ಲಿ ಕೂಡಿಕೊಂಡು ಹೊಸ ಚಕ್ರವನ್ನು ಆರಂಭಿಸುತ್ತವೆ.

ವಿವಾದ ಮತ್ತು ನೊಬೆಲ್ ಪ್ರಶಸ್ತಿ

1898ರ ಕೊನೆಯಲ್ಲಿ ಇಟಲಿಯ ಜೊವಾನ್ನಿ ಬಟಿಸ್ಟಾ ಗ್ರಾಸಿ, ಬಿನ್ಯಾಮಿ ಮತ್ತು ಬಸ್ಟಿಯಾನೆಲ್ಲಿ ಅವರು ಮಾನವ ಮಲೇರಿಯಾವು ಅನಾಫಿಲಿಸ್ ಸೊಳ್ಳೆಯಿಂದ ಹರಡುವುದನ್ನು ನೇರವಾಗಿ ತೋರಿಸಿದರು. ಶೋಧದ ಮನ್ನಣೆ ಯಾರಿಗೆ ಸಲ್ಲಬೇಕೆಂಬ ಬಗ್ಗೆ ರಾಸ್ ಮತ್ತು ಗ್ರಾಸಿ ನಡುವೆ ಕಹಿಯಾದ ವಿವಾದ ನಡೆಯಿತು. ಜರ್ಮನಿಯ ರಾಬರ್ಟ್ ಕಾಕ್ ರಾಸ್ ಅವರ ಪರ ನಿಂತರು. 1902ರ ನೊಬೆಲ್ ಪ್ರಶಸ್ತಿ ರಾಸ್ ಅವರೊಬ್ಬರಿಗೇ ಸಂದಿತು. ಹಕ್ಕಿಗಳಲ್ಲಿ ಚಕ್ರವನ್ನು ಪೂರ್ಣವಾಗಿ ತೋರಿಸಿದವರು ರಾಸ್. ಮಾನವರಲ್ಲಿ ಅದನ್ನು ಖಚಿತಪಡಿಸಿ, ಸೊಳ್ಳೆಯ ಜಾತಿಗಳನ್ನು ನಿಖರವಾಗಿ ಗುರುತಿಸಿದವರು ಇಟಲಿಯ ವಿಜ್ಞಾನಿಗಳು. ವಿಜ್ಞಾನದ ಇತಿಹಾಸದಲ್ಲಿ ಈಗ ಇಬ್ಬರ ಕೊಡುಗೆಯನ್ನೂ ಗುರುತಿಸಲಾಗುತ್ತದೆ.

ರೋಗನಿಯಂತ್ರಣ ಮತ್ತು ಗಣಿತ

1899ರಲ್ಲಿ ಭಾರತವನ್ನು ತೊರೆದ ರಾಸ್ ಅವರು ಲಿವರ್‌ಪೂಲ್ ಉಷ್ಣವಲಯ ವೈದ್ಯಕೀಯ ಶಾಲೆಯಲ್ಲಿ ಅಧ್ಯಾಪಕರಾದರು. ಸಿಯೆರಾ ಲಿಯೋನ್, ಸೂಯೆಜ್ ಕಾಲುವೆಯ ಇಸ್ಮಾಯಿಲಿಯಾ, ಮಾರಿಷಸ್ ಮುಂತಾದೆಡೆ ಸೊಳ್ಳೆ ನಿಯಂತ್ರಣದ ಕಾರ್ಯಗಳಿಗೆ ಮಾರ್ಗದರ್ಶನ ನೀಡಿದರು. ನೀರು ನಿಲ್ಲದಂತೆ ಮಾಡುವುದು, ಹೊಂಡಗಳನ್ನು ಮುಚ್ಚುವುದು ಮತ್ತು ನಿಂತ ನೀರಿಗೆ ಎಣ್ಣೆ ಹಾಕುವುದು ಇವರು ಒತ್ತಿಹೇಳಿದ ಕ್ರಮಗಳು.

ಒಂದು ಊರಿನ ಎಲ್ಲ ಸೊಳ್ಳೆಗಳನ್ನೂ ನಾಶಮಾಡುವುದು ಅಸಾಧ್ಯವಾದ್ದರಿಂದ ಈ ಕ್ರಮ ವ್ಯರ್ಥವೆಂದು ಹಲವರು ಆಕ್ಷೇಪಿಸಿದರು. ಇದಕ್ಕೆ ರಾಸ್ ಅವರು ಗಣಿತದ ಮೂಲಕ ಉತ್ತರ ನೀಡಿದರು. ಸೊಳ್ಳೆಗಳ ಸಂಖ್ಯೆ ಒಂದು ಮಿತಿಗಿಂತ ಕೆಳಗಿಳಿದರೆ, ಗುಣವಾಗುವ ರೋಗಿಗಳಿಗಿಂತ ಹೊಸದಾಗಿ ಸೋಂಕು ತಗಲುವವರು ಕಡಿಮೆಯಾಗಿ, ರೋಗವು ತಾನಾಗಿಯೇ ಕ್ಷೀಣಿಸುತ್ತದೆ ಎಂದು ಸಮೀಕರಣಗಳಿಂದ ತೋರಿಸಿದರು. 1910ರಲ್ಲಿ ಮೊದಲು ಪ್ರಕಟವಾದ ಮಲೇರಿಯಾ ನಿವಾರಣೆಯನ್ನು ಕುರಿತ ಗ್ರಂಥದಲ್ಲಿ ಇವರ ಗಣಿತೀಯ ವಿಚಾರಗಳಿವೆ. ಜಾರ್ಜ್ ಮ್ಯಾಕ್‌ಡೊನಾಲ್ಡ್ 1950ರ ದಶಕದಲ್ಲಿ ಇದನ್ನು ವಿಸ್ತರಿಸಿದರು. ಸಾಂಕ್ರಾಮಿಕ ರೋಗಗಳ ಹರಡುವಿಕೆಯನ್ನು ಲೆಕ್ಕಹಾಕುವ ಇಂದಿನ ವಿಧಾನಗಳಿಗೆ ಈ ಕೆಲಸ ಆಧಾರವಾಗಿದೆ.

ಕೊನೆಯ ವರ್ಷಗಳು

ರಾಸ್ ಅವರಿಗೆ 1901ರಲ್ಲಿ ರಾಯಲ್ ಸೊಸೈಟಿಯ ಸದಸ್ಯತ್ವ ಮತ್ತು 1911ರಲ್ಲಿ ಸರ್ ಪದವಿ ದೊರೆತವು. ಕವಿತೆ ಮತ್ತು ಕಾದಂಬರಿಗಳನ್ನೂ ರಚಿಸಿದ ಇವರ ಆತ್ಮಕಥೆ 1923ರಲ್ಲಿ ಪ್ರಕಟವಾಯಿತು. 1926ರಲ್ಲಿ ಲಂಡನ್ನಿನ ಪಟ್ನಿಯಲ್ಲಿ ಇವರ ಹೆಸರಿನ ಸಂಸ್ಥೆ ಮತ್ತು ಆಸ್ಪತ್ರೆ ಆರಂಭವಾದವು. ತಮ್ಮ ಶೋಧಕ್ಕೆ ತಕ್ಕ ಆರ್ಥಿಕ ಪ್ರತಿಫಲವನ್ನು ಸರ್ಕಾರ ನೀಡಲಿಲ್ಲವೆಂಬ ಅಸಮಾಧಾನ ಇವರಲ್ಲಿ ಕೊನೆಯವರೆಗೂ ಇತ್ತು. 1928ರಲ್ಲಿ ತಮ್ಮ ಕಾಗದಪತ್ರಗಳ ಸಂಗ್ರಹವನ್ನು ಮಾರಾಟಕ್ಕಿಟ್ಟರು. ಪತ್ನಿ 1931ರಲ್ಲಿ ನಿಧನರಾದರು. ರಾಸ್ ಅವರು 1932ರ ಸೆಪ್ಟೆಂಬರ್ 16ರಂದು ಲಂಡನ್ನಿನಲ್ಲಿ ತೀರಿಕೊಂಡರು.

ಕರ್ನಾಟಕದಲ್ಲಿ ಪ್ರಸ್ತುತತೆ

ರಾಸ್ ಅವರ ಶೋಧದ ಆಧಾರದ ಮೇಲೆ 1920ರ ದಶಕದ ಕೊನೆಯಲ್ಲಿ ಮೈಸೂರು ಸಂಸ್ಥಾನವು ರಾಕ್‌ಫೆಲರ್ ಪ್ರತಿಷ್ಠಾನದ ನೆರವಿನಿಂದ ಮಲೇರಿಯಾ ಅಧ್ಯಯನ ಮತ್ತು ನಿಯಂತ್ರಣ ಕಾರ್ಯವನ್ನು ಕೈಗೊಂಡಿತು. ಮಲೆನಾಡಿನ ತೊರೆಗಳಲ್ಲಿ, ಬಯಲುಸೀಮೆಯ ಕಾಲುವೆಗಳಲ್ಲಿ ಮತ್ತು ನಗರಗಳ ನೀರಿನ ತೊಟ್ಟಿಗಳಲ್ಲಿ ಬೇರೆ ಬೇರೆ ಜಾತಿಯ ಅನಾಫಿಲಿಸ್ ಸೊಳ್ಳೆಗಳು ಬೆಳೆಯುವುದರಿಂದ ನಿಯಂತ್ರಣ ಕ್ರಮಗಳೂ ಪ್ರದೇಶದಿಂದ ಪ್ರದೇಶಕ್ಕೆ ಭಿನ್ನವಾಗಿರಬೇಕಾಗುತ್ತದೆ.

ಕೀಟಗಳಂತಹ ವಾಹಕಗಳ ಮೂಲಕ ರೋಗ ಹರಡುವ ತತ್ತ್ವವು ಇತರ ರೋಗಗಳ ಅಧ್ಯಯನಕ್ಕೂ ದಾರಿಯಾಯಿತು. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯುತ್ತಿದ್ದಾಗ ಮತ್ತು ಸುತ್ತಲಿನ ಹಳ್ಳಿಗರಿಗೆ ಜ್ವರ ಬಂದಾಗ, ಅದು ಉಣ್ಣೆಗಳ ಮೂಲಕ ಹರಡುವ ವೈರಸ್ ರೋಗವೆಂದು ಪತ್ತೆಯಾಯಿತು. ಮಂಗನ ಕಾಯಿಲೆ ಎಂದೇ ಪ್ರಸಿದ್ಧವಾದ ಈ ರೋಗದಲ್ಲಿ ಪ್ರಾಣಿ, ಮನುಷ್ಯ ಮತ್ತು ವಾಹಕ ಜೀವಿ ಈ ಮೂರರ ಸಂಬಂಧವನ್ನು ಒಟ್ಟಾಗಿ ಅರಿಯಬೇಕಾಯಿತು. ಬೆಂಗಳೂರಿನ ಹೊರವಲಯದ ಯಲಹಂಕದಲ್ಲಿರುವ ರಾಷ್ಟ್ರೀಯ ಪಶುವೈದ್ಯಕೀಯ ಸಾಂಕ್ರಾಮಿಕ ರೋಗವಿಜ್ಞಾನ ಸಂಸ್ಥೆಯು ಜಾನುವಾರುಗಳ ರೋಗಗಳನ್ನು ಅಂಕಿಅಂಶಗಳ ಆಧಾರದಿಂದ ಮುಂಚಿತವಾಗಿ ಅಂದಾಜಿಸುವ ಕಾರ್ಯದಲ್ಲಿ ತೊಡಗಿದೆ.

ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿ ಮತ್ತು ಪೀಣ್ಯದಂತಹ ವೇಗವಾಗಿ ಬೆಳೆದ ಪ್ರದೇಶಗಳಲ್ಲಿ ಕಟ್ಟಡ ನಿರ್ಮಾಣದ ಹೊಂಡಗಳು, ಮುಚ್ಚದ ಸಂಪುಗಳು, ಡ್ರಮ್ಮುಗಳು ಮತ್ತು ಹಳೆಯ ಟೈರುಗಳಲ್ಲಿ ನಿಲ್ಲುವ ನೀರು ಡೆಂಗ್ಯೂ ಹರಡುವ ಈಡಿಸ್ ಸೊಳ್ಳೆಗೆ ನೆಲೆಯಾಗುತ್ತದೆ. 2024ರಲ್ಲಿ ಕರ್ನಾಟಕ ಸರ್ಕಾರವು ಡೆಂಗ್ಯೂವನ್ನು ಸಾಂಕ್ರಾಮಿಕ ರೋಗವೆಂದು ಅಧಿಸೂಚಿಸಿ, ಸೊಳ್ಳೆಗಳ ಉತ್ಪತ್ತಿಗೆ ಎಡೆಕೊಡುವ ಸ್ಥಳಗಳ ಮಾಲೀಕರಿಗೆ ದಂಡ ವಿಧಿಸುವ ನಿಯಮಗಳನ್ನು ಜಾರಿಗೆ ತಂದಿತು.

ಚಿಕಿತ್ಸೆ ಮತ್ತು ಲಸಿಕೆಯ ಕ್ಷೇತ್ರದಲ್ಲಿಯೂ ರಾಸ್ ಅವರ ಶೋಧ ಪ್ರಸ್ತುತವಾಗಿದೆ. ವಿಶ್ವ ಆರೋಗ್ಯ ಸಂಸ್ಥೆಯು 2021 ಮತ್ತು 2023ರಲ್ಲಿ ಶಿಫಾರಸು ಮಾಡಿದ ಎರಡು ಮಲೇರಿಯಾ ಲಸಿಕೆಗಳು ಪರಾವಲಂಬಿಯ ಬೀಜಕಗಳ ಹೊರಮೈಯಲ್ಲಿರುವ ಪ್ರೋಟೀನನ್ನು ಗುರಿಯಾಗಿಸುತ್ತವೆ. ಸೊಳ್ಳೆಯ ಜೊಲ್ಲುಗ್ರಂಥಿಯಲ್ಲಿ 1898ರಲ್ಲಿ ರಾಸ್ ಅವರು ಕಂಡದ್ದು ಪರಾವಲಂಬಿಯ ಈ ಬೀಜಕ ರೂಪವನ್ನೇ.